ಗೌರಿಹೂವಿನ ಗಡ್ಡೆ

ಆದಿಚುಂಚನಗಿರಿ ಆಸ್ಪತ್ರೆ
4-12-1995

ಪ್ರೀತಿಯ ಸುನಿತಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಮಗು ಹೊಟ್ಟೆಯೊಳಗೆ ಒದೆಯುತ್ತದೆ ಎಂದು ಬರೆದಿದ್ದೆ, ಓದಿ ಒಬ್ಬನೇ ನಕ್ಕೆ. ತವರೂರೆಂದು ಬೂಕನಕೆರೆಯ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ.

ಆಸ್ಪತ್ರೆಯಿಂದ ಬರೆದಿದ್ದಾನೆಂದು ಗಾಬರಿಪಡಬೇಡ. ನಾನೂ ಅವ್ವನೂ ಚೆನ್ನಾಗಿದ್ದೇವೆ. ಮಲಗಿರುವುದು ದ್ಯಾವಮ್ಮ ಚಿಕ್ಕಮ್ಮ. ಅಮಾವಾಸ್ಯೆಯ ಮಾರನೆಯ ದಿನ ಗುಡ್ಡದ ಬುಡಕ್ಕೆ ಸೌದೆಗೆ ಹೋದವಳು, ಕಳ್ಳಿಬೇಲಿಯ ಸಂದಿಯಲ್ಲಿ ಕಾಡುಗೆಣಸು ಸಿಕ್ಕಿತೆಂದು ಅಗೆದು ತಂದು ಒಲೆಯಲ್ಲಿ ಸುಟ್ಟು ತಿಂದಳು. ಅದು ಗೆಣಸಲ್ಲ, ಗೌರಿಹೂವಿನ ಗಡ್ಡೆ. ಹಬ್ಬಕ್ಕೆ ನೀನು ಕಿತ್ತು ತಂದಿದ್ದೆಯಲ್ಲ, ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಹೂವು, ಅದೇ. ನಮ್ಮ ಗುಡ್ಡದ ಕಲ್ಲುನೆಲ, ಕುರುಚಲು ಪೊದೆ ಎಂದರೆ ಅದಕ್ಕೆ ಪ್ರಾಣ. ಎಲೆಯ ತುದಿಯಿಂದಲೇ ಕಳ್ಳಿಯನ್ನು ಸುತ್ತಿಕೊಂಡು ಹತ್ತುತ್ತದೆ. ಹೂವಿದ್ದಿದ್ದರೆ ಚಿಕ್ಕಮ್ಮ ಗುರುತು ಹಿಡಿಯುತ್ತಿದ್ದಳು. ಈಗ ಬಳ್ಳಿ ಒಣಗಿ ನೆಲದೊಳಗೆ ಗಡ್ಡೆ ಮಾತ್ರ ಉಳಿದಿದೆ.

ಸಂಜೆಗೆ ವಾಂತಿ ಭೇದಿ ಹತ್ತಿಕೊಂಡಿತು. ಪಕ್ಕದ ಮನೆ ಕೆಂಪಣ್ಣನ ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಬರುವಾಗ "ಮರಿಸ್ವಾಮಿ, ಗಂಟ್ಲು ಉರೀತದೆ ಕಣ್ಲಾ, ನನ್ ಕೈ ಬುಡ್ಬೇಡ" ಎನ್ನುತ್ತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಕೈ ತಣ್ಣಗಾಗಿತ್ತು. ಈ ಕುಲದ ಬಳ್ಳಿಗಳು ಆಫ್ರಿಕಾದ ಕಾಡಿನಿಂದ ನಮ್ಮ ಬೇಲಿಯವರೆಗೂ ಬೆಳೆಯುತ್ತವಂತೆ, ಎಲ್ಲವೂ ವಿಷ, ಗಡ್ಡೆಯಂತೂ ಕಡುವಿಷ ಎಂದರು ಡಾಕ್ಟರು. ಜೀವ ಉಳಿಯಿತು. ಆದರೆ ನಿನ್ನೆ ಅವ್ವ ಅವಳ ತಲೆ ಬಾಚಲು ಕೂತರೆ ಕೂದಲು ಹಿಡಿಹಿಡಿಯಾಗಿ ಕೈಗೇ ಬಂತು. ಚಿಕ್ಕಮ್ಮ ಅಳಲಿಲ್ಲ, ಸೆರಗು ಹೊದ್ದು ಗೋಡೆಯ ಕಡೆ ತಿರುಗಿದಳು. ಅವ್ವ ಆಗಿನಿಂದ ಅನ್ನ ಮುಟ್ಟಿಲ್ಲ. ಏಕೆಂದು ಕೇಳಿದರೆ ಹೇಳುವುದಿಲ್ಲ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನೂ ಒಳಗಿರುವ ಕೂಸನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ
ಮರಿಸ್ವಾಮಿ

ತಾ.ಕ.: ಸುನಿತಾ, ಕಾಗದ ಮಡಿಸುವಾಗ ಅವ್ವ ಬಾಯಿಬಿಟ್ಟಳು. "ಅದೇ ಗಡ್ಡೆಯ ಸುನಿತನ ಚೀಲದಾಗೆ ಇಕ್ಕಿವ್ನಿ ಕಣ್ಲಾ. ನೋವು ಬಂದಾಗ ತೇದು ಹೊಟ್ಟೆಗೆ ಹಚ್ಚುದ್ರೆ ಎರಿಗೆ ಸಲೀಸಾಯ್ತದೆ ಅಂತ ಅವ್ಳ ಅವ್ವಂಗೂ ಏಳಿವ್ನಿ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಸೀರೆಗಳ ಅಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದೆಯಂತೆ. ಹಚ್ಚಬೇಡ, ಬಾಯಿಗಂತೂ ಬೇಡವೇ ಬೇಡ, ಯಾರು ಹೇಳಿದರೂ ಕೇಳಬೇಡ. ಮಾವನ ಕೈಲಿ ಆಳವಾಗಿ ಹೂಳಿಸು. ಅಂಚೆಯನ್ನು ನಂಬದೆ, ಚಿಕ್ಕಮ್ಮನನ್ನು ನೋಡಲು ಬಂದ ಕೆಂಪಣ್ಣನ ಕೈಗೇ ಕಾಗದ ಕೊಟ್ಟು ಈಗಿನ ಬಸ್ಸಿಗೆ ಕಳಿಸುತ್ತಿದ್ದೇನೆ. ಚಿಕ್ಕಮ್ಮನ ಬಳಿ ಯಾರಾದರೂ ಬಂದ ತಕ್ಷಣ ನಾನೂ ಹೊರಡುತ್ತೇನೆ. ಈಗಾಗಲೇ ತೇದು ಹಚ್ಚಿದ್ದರೆ ನನಗಾಗಿ ಕಾಯಬೇಡ; ಅದೇ ಗಳಿಗೆ ಕೆಂಪಣ್ಣನ ಜೊತೆ ಆಸ್ಪತ್ರೆಗೆ ಹೋಗು.