ಅಕ್ಕ ಕಳಿಸಿದ ಬೇರಿನ ಪುಡಿ

ನೂಲಿಗೆ ಬಣ್ಣ ಹಾಕುವ ಅಂಗಡಿಯ ಹಿಂದಿನ ಕೋಣೆ
ಗುರುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕಾ,

ಅಕ್ಷರ ಸೊಟ್ಟಗಿದೆ, ಬೈಯಬೇಡ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಕೈ ಇದು. ತಪ್ಪಿದ್ದ ಕಡೆ ನೀನೇ ಸರಿಮಾಡಿಕೊಂಡು ಓದು. ಮೂಲೆಯಲ್ಲಿರುವ ನೀಲಿ ಹೆಬ್ಬೆಟ್ಟಿನ ಗುರುತೂ ನನ್ನದೇ, ಎಷ್ಟು ತಿಕ್ಕಿದರೂ ಬೆರಳು ಬೆಳ್ಳಗಾಗಲಿಲ್ಲ. ನಿನ್ನ ಸೊಂಟದ ನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಬೇಡ, ಅವರ ಮಗನನ್ನೂ ಕರೆ. ಇಲ್ಲಿ ನಮ್ಮ ಸೋದರತ್ತೆ ಚೆನ್ನಾಗಿದ್ದಾರೆ, ಅಂದರೆ ಎಲ್ಲರನ್ನೂ ಬೈಯುವಷ್ಟು ಚೆನ್ನಾಗಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನ್ ಬಂದರೆ ಅಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ, ನನಗೆ ಬಾಯಿ ಕಟ್ಟಿಹೋಗುತ್ತದೆ, ಸುಮ್ಮನೆ ಮೂಗಿ ಎಂದು ಕರೆಯುತ್ತಾರಾ ನನ್ನನ್ನು. ಅದಕ್ಕೇ ನೂಲು ತರುವ ಲಾರಿಯವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅಪ್ಪನ ಮೂತ್ರಕೋಶದ ಗಡ್ಡೆ ಕೆರೆದು ತೆಗೆದು ಐದು ವಾರವಾಯಿತು. ಅದು ಕ್ಯಾನ್ಸರ್ ಎಂದು ತಿಳಿದು ನೀನು ಕಳಿಸಿದ ಬೇರಿನ ಪುಡಿಯನ್ನು ಅಪ್ಪ ಎರಡು ಹೊತ್ತೂ ತಪ್ಪದೆ ಕುಡಿಯುತ್ತಿದ್ದಾರೆ. ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾರೆ, ನಗಬೇಡ. ತೊಟ್ಟಿಯ ಬಣ್ಣದ ಮಾದರಿ ತೆಗೆದಿಡುತ್ತಾರಲ್ಲ, ಹಾಗೇ ದಿನವೂ ತಮ್ಮ ಮೂತ್ರವನ್ನು ಚಿಕ್ಕ ಬಾಟಲಿಗೆ ತುಂಬಿ, ತಾರೀಖಿನ ಚೀಟಿ ಕಟ್ಟಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಮೊದಲನೆಯದು ಕೆಂಪು, ಆಮೇಲೆ ಗುಲಾಬಿ, ಈಗಿನದು ತಿಳಿ ಹಳದಿ. ಮೊನ್ನೆ ಪಕ್ಕದ ದರ್ಜಿ ಬಂದವರು, "ಜೇನು ಎಲ್ಲಿ ಸಿಕ್ಕಿತು?" ಎಂದು ಕೇಳಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು.

ಸೋಮವಾರ ಅಪ್ಪ ಆ ಬಾಟಲಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಜೋಡಿಸಿದರು. "ನೋಡಿ ಡಾಕ್ಟ್ರೇ, ನನ್ನ ದೊಡ್ಡ ಮಗಳ ಪುಡಿ ಮಾಡಿದ ಕೆಲಸ." ಅವರು ನಗಲಿಲ್ಲ. ಕೆರೆದ ಗಾಯ ಮಾಗಿದಾಗ ರಕ್ತ ತಾನಾಗಿಯೇ ನಿಲ್ಲುತ್ತದೆ, ಆದರೆ ಈ ಜಾತಿಯ ಗಡ್ಡೆ ಮತ್ತೆ ಬರುವುದು ಹೆಚ್ಚು ಎಂದರು. ಅದಕ್ಕೆ ಆರು ಮಂಗಳವಾರ ಸಣ್ಣ ನಳಿಗೆಯಲ್ಲಿ ಮೂತ್ರಕೋಶದೊಳಗೆ ಔಷಧಿ ಬಿಡುತ್ತಾರೆ. ಎರಡು ಗಂಟೆ ತಡೆದಿಟ್ಟುಕೊಂಡು ಆಮೇಲೆ ಹೊರಗೆ ಬಿಡಬೇಕು. ಅದರಲ್ಲಿರುವುದು ಬಲ ಕಳೆದ ಕ್ಷಯದ ರೋಗಾಣು ಅಂತೆ. ಅದು ಒಳಗೆ ಹೋದರೆ ನಮ್ಮ ಮೈಯ ಕಾವಲು ಎಚ್ಚೆತ್ತು ಕ್ಯಾನ್ಸರನ್ನೂ ಅಟ್ಟಿಸಿಕೊಂಡು ಹೋಗುತ್ತದಂತೆ. ಅಪ್ಪ ಬೆಚ್ಚಿಬಿದ್ದು, "ಕ್ಷಯ ಬೇರೆ ಹಾಕಿಸಿಕೊಳ್ಳಬೇಕಾ? ಇರೋದು ಸಾಲದಾ?" ಎಂದರು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಉರಿ ಬರುತ್ತದೆ, ಒಂದೆರಡು ದಿನ ಮೈ ಬಿಸಿಯಾಗಬಹುದು, ಜ್ವರ ಜೋರಾದರೆ ತಕ್ಷಣ ಬರಬೇಕು, ಎಲ್ಲರಿಗೂ ಫಲ ಕೊಡುತ್ತದೆ ಎಂದು ಮಾತು ಕೊಡಲಾರೆ ಎಂದರು. ಆದರೆ ಏನೂ ಮಾಡದೆ ಬಿಟ್ಟು ಅದು ಆಳಕ್ಕೆ ಇಳಿದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು ಎಂದರು. ಪುಡಿ ಯಾವ ಬೇರಿನದು ಎಂದು ಕೇಳಿದರು. ಅದು ಅಪ್ಪನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ಏನಿದೆ ಅಂತ ಗೊತ್ತಿಲ್ಲದ್ದನ್ನ ಕಿಡ್ನಿಗೆ ಯಾಕೆ ಕೊಡ್ತೀರಿ? ನಿಲ್ಲಿಸಿ" ಎಂದರು.

ಮನೆಗೆ ಬಂದ ಮೇಲೂ ಅಪ್ಪನದು ಒಂದೇ ಹಟ, ಬಣ್ಣ ಹೋಯಿತಲ್ಲ, ಇನ್ನೇನು? ಆಗ ನಾವು ನೀಲಿ ತೊಟ್ಟಿಯ ಹತ್ತಿರ ನಿಂತಿದ್ದೆವು. ನನಗೆ ಎಲ್ಲಿಂದ ಧೈರ್ಯ ಬಂತೋ, "ಅಪ್ಪಾ, ಇದರಲ್ಲಿ ನೀಲಿ ಕಾಣುತ್ತಾ?" ಎಂದುಬಿಟ್ಟೆ. ನಿನಗೂ ಗೊತ್ತಲ್ಲ, ಒಳಗೆ ಹಸಿರು ಹಳದಿ ನೀರು, ನೂಲು ಎತ್ತಿ ಗಾಳಿಗೆ ಹಿಡಿದ ಮೇಲೆ ತಾನೇ ನೀಲಿ ಏರುವುದು. ತೊಟ್ಟಿಯ ಮುಖ ನೋಡಿ ನಂಬಬೇಡ ಎಂದು ಕಲಿಸಿದವರು ಅವರೇ. ತುಂಬಾ ಹೊತ್ತು ಕೋಲಿನಿಂದ ನೀರು ಕಲಕಿದರು. ಆಮೇಲೆ, "ಮೂಗಿಗೂ ಬಾಯಿ ಬಂತಲ್ಲ" ಎಂದು ನನ್ನ ತಲೆ ಮೊಟಕಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ರೋಗಾಣು ಮೂತ್ರದಲ್ಲಿ ಹೊರಗೆ ಬರುವುದರಿಂದ ಔಷಧಿಯ ದಿನ ಪಾಯಿಖಾನೆಗೆ ಬ್ಲೀಚಿಂಗ್ ಪುಡಿ ಹಾಕಬೇಕಂತೆ. ಅತ್ತೆ, "ನೂಲು ಬೆಳ್ಳಗೆ ಮಾಡೋಕೆ ತಂದಿದ್ದು ನಮ್ಮ ಮನೇಲಿ ಮೂಟೆಗಟ್ಟಲೆ ಇದೆ, ಬೇಕಾದ್ರೆ ಬಂದು ನೋಡಲಿ ನಿನ್ನ ಡಾಕ್ಟರಮ್ಮ" ಎಂದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಮೂಗಿ

ತಾ.ಕ.: ಲಾರಿಯವರು ಹಾರನ್ ಹೊಡೆಯುತ್ತಿದ್ದಾರೆ. ಅಕ್ಕಾ, ಅಪ್ಪ ಹೆದರಿರುವುದು ನಳಿಗೆಗೂ ಅಲ್ಲ, ಜ್ವರಕ್ಕೂ ಅಲ್ಲ. "ಪುಡಿ ಬಿಟ್ಟರೆ ದೊಡ್ಡವಳು ಏನಂದುಕೊಳ್ಳುತ್ತಾಳೋ, ಕೆಲಸದ ಮಧ್ಯೆ ಕುಟ್ಟಿ ಜರಡಿ ಹಿಡಿದು ಕಳಿಸಿದ್ದಾಳೆ" ಎಂದು ಅತ್ತೆಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. ಭಾನುವಾರ ಫೋನ್ ಮಾಡಿದಾಗ ಪುಡಿ ಬಿಡಿ ಎಂದು ನೀನೇ ಹೇಳು. ನಿನ್ನ ಮೇಲೆ ನನಗೆ ಒಂದು ಚೂರೂ ಕೋಪವಿಲ್ಲ. ನನಗೆ ಹೊಳೆದಿದ್ದರೆ ನಾನೂ ಕುಟ್ಟುತ್ತಿದ್ದೆ. ಇವತ್ತು ಬೆಳಗ್ಗೆ ಆಸ್ಪತ್ರೆಗೆ ಹೋಗಿ, ಅಷ್ಟು ಜನರ ಎದುರಿಗೆ ಚೀಟಿ ಬರೆಸುವ ಕಿಟಕಿಯಲ್ಲಿ ಅಪ್ಪನ ಹೆಸರು, ಕಾಯಿಲೆ ಎರಡನ್ನೂ ಗಟ್ಟಿಯಾಗಿ ಹೇಳಿ, ಮಂಗಳವಾರದ ಮೊದಲ ಸರದಿಗೆ ಬರೆಸಿ ಬಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.