ನಮೂನೆ ನಾಲ್ಕು

ಶನಿವಾರ, ಮಧ್ಯಾಹ್ನ ಎರಡೂವರೆ

ಅಮ್ಮಾ,

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಊಟ ಆಗಿದೆ, ಕೆಮ್ಮು ಹೋಗಿದೆ, ತಲೆಗೆ ಎಣ್ಣೆ ಹಾಕಿಲ್ಲ. ಇನ್ನು ಒಲೆ ಆರಿಸಿ, ಕನ್ನಡಕ ಹಾಕಿಕೊಂಡು, ಕುಳಿತು ಓದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಗುರುವಾರದಿಂದ ಮೂರು ಸಲ ಮಾಡಿದೆ. ಮೂರು ಸಲವೂ ನೀನು ಪ್ರಧಾನಿಯವರ ಕಾಗದದ ಸುದ್ದಿಯನ್ನೇ ತೆಗೆದೆ. ಅದಕ್ಕೆ ಚೌಕಟ್ಟು ಹಾಕಿಸಿ ನೀನು ಹೆರಿಗೆ ಮಾಡಿಸುವ ಆಸ್ಪತ್ರೆಯ ಗೋಡೆಗೆ ತೂಗುಹಾಕಿದ್ದನ್ನು ಹೇಳಿದೆ. ನನಗೆ ಬಾಯಿ ಹಾಕಲು ಸಂದು ಸಿಗಲಿಲ್ಲ. ಸಿಕ್ಕಾಗ ಧೈರ್ಯ ಬರಲಿಲ್ಲ, ಅದು ಬೇರೆ ಮಾತು. ಅದಕ್ಕೇ ಇದನ್ನು ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿನಗೆ ಮುಟ್ಟುತ್ತದೆ.

ಮೊದಲು ಕೆಲಸದ ಮಾತು. ಟ್ರಂಕಿನಲ್ಲಿಟ್ಟಿರುವ ಸಹಿ ಕಾಗದಗಳನ್ನು ಇದನ್ನು ಓದಿದ ಕೂಡಲೇ ಹೊರಗೆ ತೆಗೆ. ಮಂಗಳವಾರ ಸಂಜೆ ಐದರೊಳಗೆ ಜಿಲ್ಲಾ ಆರೋಗ್ಯ ಕಚೇರಿಗೆ ಆಕ್ಷೇಪಣೆ ಎಂದು ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ವಾಪಸು ತಾ. ನೂರು ಜನರ ಸಹಿ ಇದ್ದರೆ ಅವರು ಊರಿಗೇ ಬಂದು ಎಲ್ಲರ ಮಾತು ಕೇಳಲೇಬೇಕು. ಇಲ್ಲದಿದ್ದರೆ ಯಾರನ್ನೂ ಕೇಳದೆ ಮುಂದಿನ ತಿಂಗಳ ಒಂದನೇ ತಾರೀಕು ಆಸ್ಪತ್ರೆಗೆ ಬೀಗ ಹಾಕುತ್ತಾರೆ. ಪ್ರಧಾನಿಯವರು ತಡೆಯುತ್ತಾರೆ ಎಂದು ಕಾಯಬೇಡ. ಅವರು ತಡೆಯುವುದಿಲ್ಲ. ನೀನು ಬರೆದ ಕಾಗದವನ್ನು ಅವರು ಓದಿಯೇ ಇರಲಿಲ್ಲ.

ಇದು ನನಗೆ ಹೇಗೆ ಗೊತ್ತೆಂದರೆ, ನಿನಗೆ ಆ ಉತ್ತರ ಕಳಿಸಿದವಳು ನಾನು.

ಪ್ರಧಾನಿ ಕಚೇರಿಯಲ್ಲಿ ನಾನು ಟೈಪಿಂಗ್ ಮಾಡುತ್ತೇನೆ ಎಂದು ನೀನು ತಿಳಿದಿದ್ದೀಯ. ಮೊದಲ ವರ್ಷ ಅದು ನಿಜವೇ ಆಗಿತ್ತು. ಆಮೇಲಿನ ಮೂರು ವರ್ಷದಿಂದ ಪತ್ರ ವಿಭಾಗದಲ್ಲಿದ್ದೇನೆ. ಹೇಳಿದ್ದರೆ ಊರಿನವರೆಲ್ಲ ತಮ್ಮ ಅರ್ಜಿ ತಂದು ನಿನ್ನ ಮಡಿಲಿಗೆ ಹಾಕುತ್ತಿದ್ದರು, ನೀನು ಯಾರಿಗೂ ಇಲ್ಲ ಎನ್ನುವವಳಲ್ಲ. ಹೀಗೆಂದುಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಇಲ್ಲಿಯ ವಾರ ಹೇಗೆ ನಡೆಯುತ್ತದೆಂದು ಹೇಳುತ್ತೇನೆ, ಆಗ ಉಳಿದದ್ದು ತಿಳಿಯುತ್ತದೆ. ಪ್ರಧಾನಿಯವರನ್ನು ನಾವು ಬೆನ್ನ ಹಿಂದೆ ದೊಡ್ಡಮ್ಮ ಎನ್ನುತ್ತೇವೆ. ನಿನಗೆ ಅಕ್ಕ ಇಲ್ಲದಿದ್ದರೂ ನನಗೊಬ್ಬ ದೊಡ್ಡಮ್ಮ ಸಿಕ್ಕಿದ್ದಾರೆ ನೋಡು. ಸೋಮವಾರ ಅವರಿಗೆ ಮಂತ್ರಿಗಳ ಸಭೆ. ಮಂಗಳವಾರ ಸದನದಲ್ಲಿ ಪ್ರಶ್ನೋತ್ತರ, ಅವತ್ತು ಬೆಳಿಗ್ಗೆ ಅವರ ಹತ್ತಿರ ಯಾರೂ ಸುಳಿಯುವುದಿಲ್ಲ. ಬುಧವಾರ ಹೊರದೇಶದ ಅತಿಥಿಗಳು, ಒಂದೇ ಸೋಫಾ, ಒಂದೇ ಹೂದಾನಿ, ಒಂದೇ ನಗು. ಗುರುವಾರ ಎಲ್ಲಾದರೂ ಹೋಗಿ ಟೇಪು ಕತ್ತರಿಸುತ್ತಾರೆ. ಶುಕ್ರವಾರ ರೇಡಿಯೋದಲ್ಲಿ ಹತ್ತು ನಿಮಿಷ ಮಾತಾಡುತ್ತಾರೆ, ಅದನ್ನು ನೀನು ತಪ್ಪದೆ ಕೇಳುತ್ತೀಯ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಪತ್ರಗಳು.

ವಾರಕ್ಕೆ ಎರಡು ಸಾವಿರ ಪತ್ರ ಬರುತ್ತವೆ. ನಮ್ಮ ಕೋಣೆಯ ಗೋಡೆಗೆ ಸರ್ಕಾರದ ನಾಲ್ಕು ಆದ್ಯತೆಗಳ ಫಲಕ ಹಾಕಿದ್ದಾರೆ: ನೀರು, ಶಾಲೆ, ಆಸ್ಪತ್ರೆ, ರಸ್ತೆ. ಅದರ ಕೆಳಗೆ ನಾಲ್ಕು ಕಪಾಟು, ಪಕ್ಕದಲ್ಲಿ 'ಇತರೆ' ಎಂಬ ಐದನೆಯದು. ಅದರಲ್ಲಿ ಮದುವೆ ಕರೆಯೋಲೆ, ಪದ್ಯ, ಶಾಪ ಎಲ್ಲ ಸೇರುತ್ತವೆ. ಯಾವ ಕಪಾಟಿಗೆ ಎಷ್ಟು ಬಂತೆಂಬ ಪಟ್ಟಿ ಶುಕ್ರವಾರ ದೊಡ್ಡಮ್ಮನ ಮೇಜಿಗೆ ಹೋಗುತ್ತದೆ. ಅಷ್ಟೂ ಪತ್ರಗಳಲ್ಲಿ ಹತ್ತನ್ನು ಮಾತ್ರ ಆರಿಸಿ ಹಸಿರು ಫೈಲಿನಲ್ಲಿಡುತ್ತೇವೆ. ಅವಕ್ಕೆ ಅವರು ಕೈಯಾರೆ ಉತ್ತರ ಬರೆಯುತ್ತಾರೆ. ಮಿಕ್ಕವಕ್ಕೆಲ್ಲ ಅಚ್ಚು ಹಾಕಿದ ಉತ್ತರ, ಆರು ನಮೂನೆಗಳಿವೆ. ಒಂದು, ಹೊಗಳಿದವರಿಗೆ. ಎರಡು, ಬೈದವರಿಗೆ. ಮೂರು, ಮಕ್ಕಳಿಗೆ. ನಾಲ್ಕು, ಊರಿನ ಕಷ್ಟ ಹೇಳಿಕೊಂಡವರಿಗೆ. ಆ ಹತ್ತನ್ನು ಆರಿಸುವವಳು ನಾನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಹೋದ ತಿಂಗಳು ಒಂದು ಬುಧವಾರ ಕಟ್ಟು ಬಿಚ್ಚಿದಾಗ ಮೇಲೆಯೇ ನಿನ್ನ ಅಕ್ಷರ ಕಂಡಿತು. ನನಗೆ ಬರೆದದ್ದು ತಪ್ಪಿ ಇಲ್ಲಿಗೆ ಬಂತೇನೋ ಎಂದುಕೊಂಡೆ. ಓದಿದೆ. ಹೋದ ವರ್ಷದ ನೂರ ನಲವತ್ತೊಂದು ಹೆರಿಗೆ, ಆರು ವರ್ಷದಿಂದ ಒಂದೂ ತಾಯಿ ಸಾಯದಿದ್ದದ್ದು, ದೊಡ್ಡ ಆಸ್ಪತ್ರೆಗೆ ಎರಡು ಗಂಟೆ ದಾರಿ, ಎಲ್ಲ ಚೆನ್ನಾಗಿ ಬರೆದಿದ್ದೆ. ಬೇರೆ ಯಾರ ತಾಯಿ ಬರೆದಿದ್ದರೂ ಹಸಿರು ಫೈಲಿಗೆ ಹಾಕುತ್ತಿದ್ದೆ. ಆದರೆ ಸಂಬಂಧಿಕರ ಪತ್ರ ಮುಂದಿಡುವುದಿಲ್ಲವೆಂದು ನಾವೆಲ್ಲ ಬರೆದುಕೊಟ್ಟಿದ್ದೇವೆ. ಅಂಥದ್ದು ಬಂದರೆ ಪಕ್ಕದವರ ಕೈಗೆ ಕೊಡಬೇಕು, ಅವರು ನೋಡುತ್ತಾರೆ. ನಾನು ಅದನ್ನೂ ಮಾಡಲಿಲ್ಲ. ಕೊಟ್ಟರೆ ಇದು ನಮ್ಮಮ್ಮ ಎನ್ನಬೇಕಿತ್ತು. ಬಡ್ತಿಯ ಪಟ್ಟಿ ಮೇಲಕ್ಕೆ ಹೋಗಿದ್ದ ವಾರ ಅದು. ಮಗಳನ್ನು ಇಟ್ಟುಕೊಂಡು ತಾಯಿ ಕೆಲಸ ಸಾಧಿಸುತ್ತಿದ್ದಾಳೆ ಎಂದು ಯಾರಾದರೂ ಅಂದಾರು ಎಂದು ಹೆದರಿದೆ. 'ಆಸ್ಪತ್ರೆ' ಕಪಾಟಿನ ಲೆಕ್ಕಕ್ಕೆ ಒಂದು ಗೀಟು ಹಾಕಿ, ನಮೂನೆ ನಾಲ್ಕು ಮಡಿಚಿ, ನಿನ್ನ ವಿಳಾಸವನ್ನು ಕೈಯಲ್ಲಿ ಬರೆಯದೆ ಟೈಪು ಮಾಡಿ ಕಳಿಸಿದೆ. ನನ್ನ ಅಕ್ಷರ ನಿನಗೆ ಗುರುತು ಸಿಗಬಾರದಿತ್ತು.

ಆ ಉತ್ತರ ನಿನಗೆ ಬಾಯಿಪಾಠ ಆಗಿರುತ್ತದೆ: "ನಿಮ್ಮ ಕಷ್ಟ ಕೇಳಿಸಿಕೊಂಡಿದ್ದೇನೆ. ಹೆದರಬೇಡಿ, ನಾನಿದ್ದೇನೆ. ನಿಮ್ಮ ಪಾಲಿನದು ನೀವು ಮಾಡಿದ್ದೀರಿ, ಉಳಿದದ್ದು ನನಗೆ ಬಿಡಿ." ಆ ವಾರ ಅದೇ ಮೂರು ಸಾಲು ನಾಲ್ಕುನೂರು ಮನೆಗೆ ಹೋಯಿತು. ನೀನು ಬುದ್ಧಿವಂತೆ, ಬೆರಳು ಒದ್ದೆ ಮಾಡಿ ಸಹಿ ಉಜ್ಜಿ ನೋಡಿದೆಯಂತೆ, ಶಾಯಿ ಹರಡಿತಂತೆ, ಆದ್ದರಿಂದ ಸ್ವಂತ ಸಹಿಯೇ ಎಂದು ಎಲ್ಲರಿಗೂ ತೋರಿಸಿದೆಯಂತೆ. ಅಮ್ಮಾ, ಅದೊಂದು ಯಂತ್ರ. ಅದರ ಕೈಗೆ ನಿಜವಾದ ಪೆನ್ನು ಸಿಕ್ಕಿಸಿ, ನಿಜವಾದ ಶಾಯಿ ತುಂಬುತ್ತಾರೆ. ಉಜ್ಜಿ ನೋಡುವವರು ಇರುತ್ತಾರೆಂದೇ ಅದನ್ನು ಮಾಡಿರುವುದು.

ನೀನು ಫೋನಿನಲ್ಲಿ ನಮ್ಮಂಥವರ ಮಾತಿನಲ್ಲೇ ಬರೆದಿದ್ದಾರೆ ಕಣೇ ಎಂದಾಗಲೇ ನಿಜ ಹೇಳಬೇಕಿತ್ತು. ಆದರೂ ಹೋಗಲಿ, ಮುದುಕಿಗೆ ಒಂದಿಷ್ಟು ಸಂತೋಷವಾದರೆ ಯಾರ ಗಂಟು ಹೋಯಿತು ಎಂದುಕೊಂಡು ಸುಮ್ಮನಾದೆ. ಮುದುಕಿ ಎಂದದ್ದಕ್ಕೆ ಬೈಯಬೇಡ.

ಮೊನ್ನೆ ಗುರುವಾರ ನಿನ್ನ ಎರಡನೇ ಕಾಗದ ಬಂತು, ಧನ್ಯವಾದದ್ದು. "ತಾವು ಮಾತು ಕೊಟ್ಟ ಮೇಲೆ ಮತ್ತೆ ತಕರಾರು ಹಾಕುವುದು ಮರ್ಯಾದೆ ಅಲ್ಲವೆಂದು ಹೆಂಗಸರಿಗೆಲ್ಲ ತಿಳಿಹೇಳಿ, ಇನ್ನೂರ ಹನ್ನೆರಡು ಸಹಿ ಇದ್ದ ಕಾಗದಗಳನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ" ಎಂದು ಬರೆದಿದ್ದೆ. ಕೊನೆಯ ದಿನ ಮಂಗಳವಾರವೆಂದು ಆರೋಗ್ಯ ಇಲಾಖೆಯ ಸುತ್ತೋಲೆ ನನ್ನ ಮೇಜಿನ ಮೇಲೇ ಇತ್ತು. ಬೇರೆ ಊರುಗಳಿಂದ ಜಗಳದ ಕಾಗದ ಬಂದವು, ನಿನ್ನಿಂದ ಮಾತ್ರ ಧನ್ಯವಾದ ಬಂತು.

ನಮ್ಮ ವಿಭಾಗದ ಮುಖ್ಯಸ್ಥರು ಮೊದಲು ಶಾಲೆಯಲ್ಲಿದ್ದವರು, ಅವರನ್ನು ಮೇಷ್ಟ್ರು ಎನ್ನುತ್ತೇವೆ. ಅವರಿಗೆ ಕಾಗದ ತೋರಿಸಿ, ಈಗಲಾದರೂ ನಮ್ಮಮ್ಮ ಎಂದು ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ಓದಿ, ಪಾಪ, ಒಳ್ಳೇ ಹೆಂಗಸು, ನಮೂನೆ ಒಂದು ಕಳಿಸಿಬಿಡಮ್ಮ ಎಂದರು. ಧನ್ಯವಾದ ಹೇಳಿದವರಿಗೆ ಧನ್ಯವಾದ. ನಿನಗೆ ಇನ್ನೊಂದು ಚೌಕಟ್ಟಿನ ಖರ್ಚು ಅಷ್ಟೇ ಆಗುತ್ತಿತ್ತು. ಅವರು ಕೆಟ್ಟವರಲ್ಲ ಅಮ್ಮ. ಮೂವತ್ತು ವರ್ಷ ಪತ್ರ ಓದಿದವರಿಗೆ ಕಿವಿ ಮಂದವಾಗುತ್ತದೆ.

ನಾನು ಕಳಿಸಲಿಲ್ಲ. ಇವತ್ತು ಬೆಳಿಗ್ಗೆ ಹಸಿರು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ನಿನ್ನ ಎರಡೂ ಕಾಗದ ಇಟ್ಟು ಒಯ್ದೆ. ಬಾಗಿಲು ದಾಟುವಾಗಲೇ, ಮೇಲಿನ ಎರಡೂ ನನ್ನ ತಾಯಿಯ ಪತ್ರ, ಇಡಬಾರದಿತ್ತು, ಇಟ್ಟಿದ್ದೇನೆ ಎಂದುಬಿಟ್ಟೆ. ದೊಡ್ಡಮ್ಮ ತಲೆ ಎತ್ತಲಿಲ್ಲ. ಓದಿದರು. ಆಮೇಲೆ, ಇವರಿಗೆ ನಾನು ಏನು ಬರೆದಿದ್ದೆ ಎಂದು ಕೇಳಿದರು. ನಮೂನೆ ನಾಲ್ಕರ ಒಂದು ಪ್ರತಿ ಕೊಟ್ಟೆ. ಅದನ್ನು ಎರಡು ಸಲ ಓದಿ, ಕೆಳಗಿನ ತಮ್ಮ ಸಹಿಯನ್ನು ನೋಡಿದರು. ನಂಬುತ್ತೀಯೋ ಇಲ್ಲವೋ, ಅವರೂ ಬೆರಳಿಂದ ಉಜ್ಜಿ ನೋಡಿದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಸಣ್ಣ ಹೆರಿಗೆ ಆಸ್ಪತ್ರೆಗಳನ್ನ ಮುಚ್ಚೋದು ಸರಿ ಅಂತಾನೇ ನಾನು ಈಗ್ಲೂ ಅಂದ್ಕೊಂಡಿದ್ದೀನಿ. ರಕ್ತ ಬೇಕಾದಾಗ ರಕ್ತ ಇರಲ್ಲ, ಆಪರೇಷನ್ ಬೇಕಾದಾಗ ಡಾಕ್ಟರ್ ಇರಲ್ಲ. ನಿಮ್ಮಮ್ಮನ ಅದೃಷ್ಟ ಆರು ವರ್ಷ ಗಟ್ಟಿಯಾಗಿತ್ತು, ಅಷ್ಟೆ. ಆದ್ರೆ ಅವರು ನನ್ ಜೊತೆ ಜಗಳ ಆಡೋದನ್ನ ನನ್ ಸಹೀನೇ ತಪ್ಪಿಸಿದ್ರೆ ಅದು ಮೋಸ." ನಾನು, ಹಾಗಾದರೆ ತಾವೇ ಎರಡು ಸಾಲು ಬರೆದುಕೊಡಿ ಎಂದೆ. ಬೇಡ, ನನ್ನ ಹೆಸರಲ್ಲಿ ಇನ್ನೊಂದು ಕಾಗದ ಹೋದರೆ ಅದನ್ನೂ ಗೋಡೆಗೆ ಹಾಕುತ್ತಾರೆ, ನೀವೇ ಬರೀರಿ, ಮಗಳ ಮಾತು ಕೇಳ್ತಾರೆ ಎಂದರು. ನೀನು ನನ್ನ ಮಾತು ಯಾವತ್ತು ಕೇಳಿದ್ದೀಯ ಎಂಬುದು ಅವರಿಗೆ ಗೊತ್ತಿಲ್ಲ.

ಅವರ ವಾದದಲ್ಲಿ ಹುರುಳಿಲ್ಲ ಎನ್ನಬೇಡ. ಏಳು ವರ್ಷದ ಹಿಂದೆ ವ್ಯಾನಿನಲ್ಲಿ ನಿನ್ನ ತೊಡೆಯ ಮೇಲೆ ಪ್ರಾಣ ಬಿಟ್ಟವಳ ಹೆಸರನ್ನು ನೀನು ಇವತ್ತಿಗೂ ಹೇಳುವುದಿಲ್ಲ. ಆ ವ್ಯಾನು ಎರಡು ಗಂಟೆ ಓಡಿತ್ತು. ಆಸ್ಪತ್ರೆ ಮುಚ್ಚಿದರೆ ಎಲ್ಲರಿಗೂ ಅದೇ ಎರಡು ಗಂಟೆ ಎಂದು ನೀನು ಹೇಳಬೇಕು. ಜಿಲ್ಲಾ ಕಚೇರಿಯವರ ಮುಂದೆ ನಿಂತು, ನಿನ್ನ ಬಾಯಿಂದಲೇ ಹೇಳಬೇಕು. ಅದಕ್ಕೆ ಅವರು ಊರಿಗೆ ಬರಬೇಕು, ಅವರು ಬರಬೇಕಾದರೆ ಮಂಗಳವಾರದೊಳಗೆ ಆ ಇನ್ನೂರ ಹನ್ನೆರಡು ಸಹಿ ಅಲ್ಲಿರಬೇಕು. ಗೆಲ್ಲುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ.

ನಾಳೆ ಹೆಂಗಸರನ್ನೆಲ್ಲ ಸೇರಿಸಿ ಈ ಕಾಗದ ಓದು. ನನ್ನ ಬಡ್ತಿಯ ಸಾಲನ್ನು ಬಿಡಬೇಡ. ನಿನ್ನ ಮಾತು ನಂಬಿ ಅವರು ಸುಮ್ಮನಾದದ್ದು, ನೀನು ನಂಬಿದ್ದು ನನ್ನನ್ನು. ಬೈಗುಳ ನನಗೆ ಬರಲಿ. ಆ ಚೌಕಟ್ಟನ್ನು ಇಳಿಸು, ಇಲ್ಲವೇ ಜಿಲ್ಲಾ ಕಚೇರಿಯವರಿಗೆ ತೋರಿಸಲು ಜೊತೆಗೆ ಒಯ್ಯಿ, ನಿನ್ನಿಷ್ಟ.

ನನ್ನ ಕೆಲಸ ಹೋಗಿಲ್ಲ, ಗಾಬರಿಯಾಗಬೇಡ. ಸೋಮವಾರದಿಂದ ಹಳೇ ಕಡತಗಳ ಕೋಣೆಗೆ ಹಾಕಿದ್ದಾರೆ. ಅಲ್ಲಿ ಕಿಟಕಿ ದೊಡ್ಡದಿದೆ, ಬಡ್ತಿ ಇಲ್ಲ. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಆದರೂ ಹೋಗುವಾಗ ತಮ್ಮ ಕೊಡೆ ನನ್ನ ಮೇಜಿನ ಮೇಲೆ ಬಿಟ್ಟುಹೋದರು, ಹೊರಗೆ ಮೋಡ ಕಟ್ಟಿದೆ. ಬಸ್ಸಿಗೆ ಹೊತ್ತಾಯಿತು.

ನಿನ್ನ
ಗುಮ್ಮನಗುಸುಕಿ

ಮರುಬರಹ: ಬಸ್ ನಿಲ್ದಾಣದಲ್ಲಿ ಕುಳಿತು ಇದನ್ನು ಸೇರಿಸುತ್ತಿದ್ದೇನೆ. ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ದೊಡ್ಡಮ್ಮ ಕೊನೆಗೆ ಇನ್ನೊಂದು ಕೇಳಿದ್ದರು, ಈ ನಮೂನೆ ನಾಲ್ಕು ಬರೆದವರು ಯಾರು ಎಂದು. ನಾನೇ ಎಂದೆ. ಎರಡು ವರ್ಷದ ಹಿಂದೆ, ಹಳೆಯ ನಮೂನೆ ತೀರಾ ಒಣಕಲು ಎಂದು ಜನ ದೂರಿದಾಗ, ಮೇಷ್ಟ್ರು ಹೊಸದು ಬರಿ ಎಂದಿದ್ದರು. ಇಡೀ ದಿನ ಕುಳಿತರೂ ಏನೂ ಹೊಳೆಯಲಿಲ್ಲ. ಆಮೇಲೆ ಹೆರಿಗೆ ಕೋಣೆಯ ಬಾಗಿಲಲ್ಲಿ, ನೋವು ತಿನ್ನುತ್ತಿರುವ ಹೆಂಗಸಿನ ಕೈ ಹಿಡಿದುಕೊಂಡು ನೀನು ಹೇಳುತ್ತಿದ್ದದ್ದು ನೆನಪಾಯಿತು: ಹೆದರಬೇಡ, ನಾನಿದ್ದೀನಿ, ನಿನ್ನ ಪಾಲಿಂದು ನೀನು ಮಾಡಿದ್ದೀಯ, ಉಳಿದದ್ದು ನನಗೆ ಬಿಡು. ನಾನು ಬಹುವಚನ ಮಾಡಿದೆ, ಅಷ್ಟೇ. ನೀನು ಹಾಗೆಂದು ಹೇಳಿದ ಮೇಲೆ ಬೆಳಗಾಗುವವರೆಗೂ ಅವರ ಪಕ್ಕದಿಂದ ಏಳುತ್ತಿರಲಿಲ್ಲ, ಅದನ್ನು ನಾನು ಬರೆಯಲಿಲ್ಲ. ನಿನ್ನ ಮಾತನ್ನೇ ನಿನಗೆ ಕಳಿಸಿ ನಿನ್ನನ್ನು ಸುಮ್ಮನೆ ಕೂರಿಸಿದೆ ಅಮ್ಮಾ. ನಾಳೆ ನೀನು ಕೂರಬೇಡ.