ಆಸ್ಪತ್ರೆಗೆ ಕೊಟ್ಟ ಮಂಚ

ಮಾರ್ಚ್ 4, ಬೆಳಗ್ಗೆ

ಹಾಲು ಕಾಯಿಸಿದೆ, ಉಕ್ಕಿಸಿದೆ, ಒಲೆ ಒರೆಸಿದೆ. ಇವಳು ಆಸ್ಪತ್ರೆ ಸೇರಿದಾಗಿನಿಂದ ಇದೇ ಪಾಠ. ಫ್ಲಾಸ್ಕ್ ತೆಗೆದು ಕೊಟ್ಟರೆ "ತಳ ಹಿಡಿಸಿದ್ದೀರಿ" ಅಂದಳು. ಹೃದಯ ಸೋತಿದೆ ಅಂತಾರೆ ಡಾಕ್ಟರು. ಮೂಗು ಸೋತಿಲ್ಲ.

ಆಸ್ಪತ್ರೆ ಸಮಿತಿಯವರು ವಾರ್ಡಿಗೇ ಬಂದು ಹಿಡಿದರು — ಆಸ್ಪತ್ರೆಯ ಚರಿತ್ರೆ ನೀವೇ ಬರೆದುಕೊಡಬೇಕು. "ನಾನು ಟೈಲರ್ ಕಣ್ರೀ" ಅಂದೆ.

"ಹೊಲಿದಿದ್ದಕ್ಕಿಂತ ಮಾತಾಡಿದ್ದೇ ಜಾಸ್ತಿ, ಬರೀರಿ" — ಇವಳು, ಮಲಗಿದಲ್ಲಿಂದಲೇ.

ಮಾರ್ಚ್ 6

ಶುರು ಮಾಡಿದೆ. ಊರಿಗೆ ಮೊದಲ ಡಾಕ್ಟರು ಬಂದಾಗ ಇದ್ದದ್ದು ಒಂದು ಹಳೇ ಗೋದಾಮು. ಮದ್ದಿದೆ, ಮಂಚ ಇಲ್ಲ. ಮನೆಗೊಂದು ಕೊಡಿ ಅಂದರು. ಕೊಟ್ಟರು. ಕೊಟ್ಟು, ಮಗಳನ್ನು ಕಳಿಸಿದವರ ಹಾಗೆ ದಿನಾ ಸಂಜೆ ಹೋಗಿ ನೋಡಿಕೊಂಡು ಬರೋರು! ಕಿರಾಣಿ ಅಂಗಡಿಯವರ ಅತ್ತೆಗೆ ಜ್ವರ ಬಂತು. "ನಮ್ಮ ಮಂಚ ಬಿಡು" ಅಂತ ಕಾಲು ಮುರಿದ ಗಾರೆಯವನನ್ನು ನೆಲಕ್ಕಿಳಿಸಿದರು. ಡಾಕ್ಟರು ಕೆಂಡವಾದರು. ಅವತ್ತಿನಿಂದ ಕಾನೂನು: ಯಾರಿಗೂ ಅವರ ಮನೆಯ ಮಂಚ ಇಲ್ಲ. ಬೇರೆಯವರದ್ದರ ಮೇಲೇ ಮಲಗಬೇಕು.

ಆಮೇಲೆ ನೋಡಬೇಕಿತ್ತು ಊರನ್ನ. "ನಿಮ್ಮ ಮಂಚದಲ್ಲಿ ತಿಗಣೆಯಂತೆ, ನಾಳೆ ನಮ್ಮಮ್ಮ ಮಲಗಬೇಕಾದೀತು" — ಬೀದಿ ಬೀದಿಯಲ್ಲಿ ಇದೇ ಜಗಳ. ಜಗಳಾಡಿ ಆಡಿಯೇ ಎಲ್ಲ ಮಂಚಗಳೂ ಗಟ್ಟಿಯಾದವು. ಹೆಂಗಸರ ವಾರ್ಡಿನಲ್ಲಿ ಈಗಲೂ ಅವೇ ಇವೆ. ಕಾನೂನೂ ಇದೆ.

ಇಷ್ಟನ್ನು ಓದಿ ಹೇಳಿದೆ. ಇವಳು ನಗಲಿಲ್ಲ. ಎದುರು ಸಾಲಿನ ಮಂಚ ತೋರಿಸಿದಳು. "ಅದು ನಮ್ಮಪ್ಪನದು."

ಹೌದು. ಮಾವ ಬಡಗಿ. ಕಾನೂನು ಬಂದ ಮೇಲೆ ಮಾಡಿಕೊಟ್ಟದ್ದು.

"ನನ್ನ ಅದರ ಮೇಲೆ ಮಲಗಿಸಿ."

ಮಾರ್ಚ್ 7

ಸಿಸ್ಟರನ್ನು ಕೇಳಿದೆ. "ಮಾಮ, ಆ ಕಥೆ ಹೇಳಿ ಹೇಳಿ ನಮ್ಮ ತಲೆ ತಿಂದಿದ್ದು ನೀವೇ. ಈಗ ನಿಮಗೊಬ್ಬರಿಗೆ ಬೇರೆ ಕಾನೂನಾ?" ಮುಖ ಎಲ್ಲಿಟ್ಟುಕೊಳ್ಳಲಿ...

ಡಾಕ್ಟರು ವರಾಂಡಕ್ಕೆ ಕರೆದರು. ಇನ್ನು ಹೆಚ್ಚು ದಿನ ಇಲ್ಲ ಅಂದರು. ಕಾನೂನು ಸುಡಲಿ ಅನ್ನಿಸಿತು. ಅವರ ಕೈ ಹಿಡಿದು ಬೇಡಿಕೊಂಡೆ. "ಆ ಮಂಚದಲ್ಲಿರೋ ಅಜ್ಜಿ ಒಪ್ಪಿದರೆ ಬದಲಾಯಿಸೋಣ" ಅಂದರು.

ಮಾರ್ಚ್ 8, ಮಧ್ಯಾಹ್ನ

ಅಜ್ಜಿ ಬಸ್ ಡ್ರೈವರನ ತಾಯಿ. ಕೇಳಿ ಮುಗಿಸುವ ಮೊದಲೇ ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ನಿಂತರು. "ಬಾ ತಾಯಿ, ನಿನ್ನ ತವರಿನ ಮಂಚ. ನಾನ್ಯಾಕೆ ಅಡ್ಡ?"

ಇವಳು ಅರ್ಧ ಎದ್ದು ಕೂತಳು. "ಹೇಗಿದೆ ಅಜ್ಜಿ, ಅದು?"

"ಏನು ಹೇಳ್ಲಿ, ಬಿದ್ದರೆ ಲೋಕವೇ ಬೇಡ. ಗೊರಕೆ ನಿಂಗೂ ಕೇಳ್ಸಿರಬೇಕು."

"ಬಸ್‌ ಸ್ಟ್ಯಾಂಡಿಗೂ ಕೇಳ್ಸಿದೆ."

ಇಬ್ಬರೂ ನಕ್ಕರು. ಇವಳಿಗೆ ಕೆಮ್ಮೇ ಬಂತು. ಸುಧಾರಿಸಿಕೊಂಡು ಹಿಂದಕ್ಕೊರಗಿದಳು. "ನೀವೇ ಮಲಕ್ಕೊಳ್ಳಿ ಅಜ್ಜಿ."

ಸಿಟ್ಟು ಬಂತು ನನಗೆ. "ಬೇಕು ಅಂದವಳು ನೀನೇ ಅಲ್ವೇನೆ?"

"ನಾನು ಮಲಗೋ ಹಾಗಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ಆದ್ರೂ ಎಷ್ಟು ನುಣ್ಣಗೆ ಉಜ್ಜಿದಾನೆ, ನೋಡಿ."

ನೋಡಿದೆ. ಅಜ್ಜಿಯ ಕಂಕುಳಿನ ದಿಂಬು ಇಸ್ಕೊಂಡು ಮತ್ತೆ ಆ ಮಂಚದ ಮೇಲೇ ಇಟ್ಟೆ.

ಮಾರ್ಚ್ 27

ಚರಿತ್ರೆ ಅರ್ಧಕ್ಕೆ ನಿಂತಿದೆ. ಸಮಿತಿಯವರೂ ಎಲ್ಲಿಗೆ ಬಂತು ಅಂತ ಕೇಳುತ್ತಿಲ್ಲ, ಪಾಪ.

ಸಂಜೆ ಕ್ಷೌರದಂಗಡಿಯವನು ತಾಯಿಯನ್ನು ಕರೆದುಕೊಂಡು ಬಂದ. ಪರಿಚಯ ಅಷ್ಟಕ್ಕಷ್ಟೆ. ಆಯಮ್ಮ ಒಳಗೆ ಬರಲಿಲ್ಲ. ಬಾಗಿಲಲ್ಲೇ ಸೆರಗು ಹಿಂಡುತ್ತಾ ನಿಂತರು. "ಅವರು ಕೊನೇಲಿ ಮಲಗಿದ್ದದ್ದು ನಮ್ಮನೆ ಮಂಚ. ಒತ್ತಲಿಲ್ಲ ತಾನೇ?"

"ಇಲ್ಲಮ್ಮ. ಇವಳು ಒಂದು ದಿನಾನೂ ಹಾಗನ್ನಲಿಲ್ಲ."

"ಇವಳು" ಅಂದುಬಿಟ್ಟೆ. "ಅವಳು" ಅನ್ನಬೇಕಿತ್ತು. ಆಯಮ್ಮ ಕೇಳಿಸಿಕೊಂಡರು, ಕಣ್ಣೊರೆಸಿಕೊಂಡು ಹೋದರು. ಬರೆಯುವಾಗಲಾದರೂ ಸರಿಮಾಡೋಣ ಅಂತ ಕೂತೆ. ಕೈ ಕೇಳುತ್ತಿಲ್ಲ. ಇವಳು —